ಮುಂಗಡ ತಿರಸ್ಕಾರ ಯೋಜನೆ

ಲೇಖಕರೇ ಇಲ್ಲದ ಸಾಹಿತ್ಯ ಏಜೆನ್ಸಿಯೂ ಏಜೆನ್ಸಿಯೇ ಎಂಬ ಸಂಗತಿಯನ್ನು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಟೈಲರ್ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ಅಂಥದ್ದೊಂದು ನಡೆಯುತ್ತಿತ್ತು. ಲೇಖಕರ ಹಸ್ತಪ್ರತಿ ಓದಿ, ಮೆಚ್ಚಿ, ಪ್ರಕಾಶಕರಿಗೆ ದಾಟಿಸುವುದು ಅದರ ಕೆಲಸ. ಅಪ್ಪಿತಪ್ಪಿ ಬಂದವರೆಲ್ಲ ಒಡತಿಯನ್ನು ಕೇಳುತ್ತಿದ್ದದ್ದು ಒಂದೇ: "ನಿಮ್ಮ ಹತ್ರ ಬೇರೆ ಯಾರ್ಯಾರಿದ್ದಾರೆ?" ಯಾರೂ ಇಲ್ಲವೆಂದರೆ, "ಯಾರಾದ್ರೂ ಸೇರಿದ ಮೇಲೆ ಬರ್ತೀವಿ ಬಿಡಿ," ಎಂದು ಮೆಟ್ಟಿಲಿಳಿಯುತ್ತಿದ್ದರು. ಒಬ್ಬರು, ಒಬ್ಬರೇ ಒಬ್ಬರು ಒಳ್ಳೆಯ ಲೇಖಕರು ಸಿಕ್ಕಿದ್ದರೆ ಅವಳ ಜನ್ಮ ಸಾರ್ಥಕವಾಗುತ್ತಿತ್ತು.

ಉಪಾಯ ಹೊಳೆದದ್ದು ಮೈದುನನಿಗೆ. ಏಜೆನ್ಸಿಯ ವ್ಯವಸ್ಥಾಪಕ, ಗುಮಾಸ್ತ ಎರಡೂ ಅವನೇ.

"ಅತ್ತಿಗೆ, ದೊಡ್ಡ ಏಜೆನ್ಸಿಗೆ ಜನ ಯಾಕೆ ಮುಗಿಬೀಳ್ತಾರೆ ಹೇಳಿ? ಅವರು ಬೇಡ ಅಂತಾರೆ. ನಾವೂ ಬೇಡ ಅನ್ನೋಣ."

"ಕೊಟ್ಟವರೇ ಇಲ್ಲವಲ್ಲೋ, ಯಾರಿಗೆ ಅನ್ನೋದು?"

"ಕೊಡೋತನಕ ಕಾಯ್ತಾ ಕೂತ್ರೆ ಮುಗೀತು ನಮ್ಮ ಕಥೆ!"

ಅದರಂತೆ ಬೀದಿಯ ಸಮಸ್ತ ನಿವಾಸಿಗಳಿಗೂ ಮುಂಗಡ ತಿರಸ್ಕಾರ ಪತ್ರ ರವಾನೆಯಾಯಿತು: 'ತಾವು ಇನ್ನೂ ಬರೆಯದಿರುವ ಕೃತಿಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಅದು ನಮ್ಮ ಮಟ್ಟಕ್ಕಿಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ.'

ಹಲ್ಲಿನ ಡಾಕ್ಟರಿಗೆ ಮೈಯೆಲ್ಲ ಉರಿದುಹೋಯಿತು. ರೋಗಿಯ ಬಾಯಿ ತೆರೆಸಿಟ್ಟು ಅಲ್ಲೇ ಮಹಾಕಾವ್ಯಕ್ಕೆ ಕೈಹಾಕಿದರು. ಟೈಲರ್ ಆತ್ಮಕಥೆ ಶುರುಮಾಡಿದ. ಗಿರಾಕಿಗಳ ಪ್ಯಾಂಟುಗಳು ಒಂದೊಂದೇ ಕಾಲಲ್ಲಿ ಉಳಿದವು. ಏಜೆನ್ಸಿಯ ಮೆಟ್ಟಿಲ ಮೇಲೆ ನೂಕುನುಗ್ಗಲು. ಬಂದ ಹಸ್ತಪ್ರತಿಗಳೋ, ದೇವರಿಗೇ ಪ್ರೀತಿ! ಎಲ್ಲವನ್ನೂ ನಿಯಮಾನುಸಾರ ತಿರಸ್ಕರಿಸಲಾಯಿತು. ಡಾಕ್ಟರು ತಮ್ಮ ಪತ್ರಕ್ಕೆ ಕಟ್ಟು ಹಾಕಿಸಿ ಪದವಿಪತ್ರದ ಪಕ್ಕ ತೂಗುಹಾಕಿದರು. ಎರಡು ಸಲ ತಿರಸ್ಕೃತರಾದವರನ್ನು ಹಿರಿಯ ಸಾಹಿತಿಗಳೆಂದು ಪರಿಗಣಿಸುವುದೆಂದು ಬೀದಿಯವರು ಸಭೆ ಸೇರಿ ಠರಾವು ಮಾಡಿದರು. ಏಜೆನ್ಸಿಯ ಹೆಸರು ಮನೆಮಾತಾಯಿತು. ಲೇಖಕರು ಮಾತ್ರ ಇನ್ನೂ ಸೊನ್ನೆ.

ಆಮೇಲೆ ಕನ್ನಡಕದ ಅಂಗಡಿಯಾಕೆಯ ಕಾದಂಬರಿ ಬಂತು. ಒಡತಿ ಓದುತ್ತಾ ಊಟ ಮರೆತಳು, ನಕ್ಕಳು, ಅತ್ತಳು. ಚಪ್ಪಲಿ ಮೆಟ್ಟುವುದನ್ನೂ ಮರೆತು ಅಂಗಡಿಗೆ ಓಡಿದಳು.

"ಅಕ್ಕಾ, ಎಂಥಾ ಕಾದಂಬರಿ ಬರೆದಿದ್ದೀರಿ! ಇದನ್ನ ನಾವು ತಗೋತೀವಿ."

ಆಕೆಯ ಮುಖ ಸಪ್ಪಗಾಯಿತು. "ಯಾಕಮ್ಮಾ, ಆ ಡಾಕ್ಟರ ಕಾವ್ಯಕ್ಕಿಂತ ಕಡೆಯಾಯ್ತಾ? ಬರೆದ ಮೇಲೂ ಅವರಿಗೆ ಪತ್ರ ಕೊಟ್ರಿ, ಟೈಲರ್‌ಗೂ ಕೊಟ್ರಿ. ನಾನೇನು ಪಾಪ ಮಾಡಿದ್ದೆ?"

"ಅಯ್ಯೋ, ಹಾಗಲ್ಲಕ್ಕ! ಇದು ಪುಸ್ತಕ ಆಗುತ್ತೆ!"

"ಪುಸ್ತಕ ಯಾರಿಗೆ ಬೇಕು? ನಾಳೆ ನಾನು ಬೀದೀಲಿ ತಲೆಯೆತ್ತಿ ಓಡಾಡೋದು ಹೇಗೆ?" ಎಂದು ಆಕೆ ಗಳಗಳನೆ ಅತ್ತಳು. ಜನ ಸೇರಿದರು. ಇಷ್ಟು ಒಳ್ಳೆಯ ಹೆಂಗಸಿಗೆ ಅನ್ಯಾಯವಾಗುತ್ತಿದೆಯೆಂದು ಡಾಕ್ಟರೂ ದನಿಗೂಡಿಸಿದರು.

ಒಡತಿ ಇಷ್ಟು ವರ್ಷ ಹಂಬಲಿಸಿದ ಲೇಖಕಿ ಎದುರಿಗೇ ನಿಂತು, ಬೇಡ ಅನ್ನಿ ಎಂದು ಕೈಮುಗಿಯುತ್ತಿದ್ದಾಳೆ! ಕೊನೆಗೆ, ಕೃತಿಯ ಅಸಾಧಾರಣ ಗುಣಮಟ್ಟವನ್ನು ಪರಿಗಣಿಸಿ ವಿಶೇಷ ದರ್ಜೆಯ ತಿರಸ್ಕಾರ ಮಂಜೂರು ಮಾಡಲಾಯಿತು. ಮೈದುನ ಗಟ್ಟಿಯಾಗಿ ಓದಿದ, ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಕಣ್ಣೊರೆಸಿಕೊಂಡು ಒಡತಿಯೂ ತಟ್ಟಿದಳು.

ಪತ್ರ ಮುದುರಬಾರದೆಂದು ಕನ್ನಡಕದ ಅಂಗಡಿಯಾಕೆ ಕಾದಂಬರಿಯ ಮೊದಲ ಅಧ್ಯಾಯವನ್ನು ಹರಿದು, ಅದರಲ್ಲಿ ಸುತ್ತಿಕೊಂಡು, ಜೋಪಾನವಾಗಿ ಮನೆಗೆ ಒಯ್ದಳು.