ಅತಿಯಾದ ಬಲಪ್ರಯೋಗ ಎಂಬ ಷರಾ ಕುರಿತು

ಇಂದ:
ವೆಂಕಟೇಶಪ್ಪ,
ಮಾಜಿ ವೈಂಡಿಂಗ್ ಎಂಜಿನ್ ಡ್ರೈವರ್, ನಂದಿದುರ್ಗ ಗಣಿ
(ನಿವೃತ್ತರಲ್ಲ, ನಿವೃತ್ತವಾದದ್ದು ಗಣಿ),
ಆಂಡರ್ಸನ್‌ಪೇಟೆ, ಕೆ.ಜಿ.ಎಫ್.

ಗೆ:
ಮುಖ್ಯಾಧಿಕಾರಿಗಳು, ವಾರಂಟಿ ವಿಭಾಗ,
ನಭೋಮಣಿ ಗೇಮಿಂಗ್ ಸಲಕರಣೆಗಳ ಕಂಪನಿ,
ಬೆಂಗಳೂರು.

ವಿಷಯ: ಬಾಹ್ಯಾಕಾಶ ಹಾರಾಟದ ಆಟಗಳಿಗೆಂದು ತಾವು ಮಾರುವ ‘ವಜ್ರಮುಷ್ಟಿ ಪ್ರೊ’ ಜಾಯ್‌ಸ್ಟಿಕ್ ಮತ್ತು ಥ್ರಾಟಲ್ ಜೋಡಿಯು ನಾಲ್ಕನೇ ತಿಂಗಳಲ್ಲೇ ಮುರಿದ ಬಗ್ಗೆ, ಹಾಗೂ ಮುರಿದದ್ದಕ್ಕೆ ತಾವು ಬರೆದ ಕಾರಣದ ಬಗ್ಗೆ.

ಉಲ್ಲೇಖ:
1. ತಮ್ಮ ಸೇವಾ ಕೇಂದ್ರದ ವರದಿ. ಷರಾ: “ಬಳಕೆದಾರರ ಅತಿಯಾದ ಬಲಪ್ರಯೋಗ.”
2. ಕಳೆದ ವಾರ ತಾವು ಹೊರಡಿಸಿದ ನೋಟಿಸು. (ಅರ್ಜಿದಾರರಿಗೆ ಬಂದದ್ದಲ್ಲ. ಅದರ ಸಂಗತಿ ಮುಂದೆ ಬರುತ್ತದೆ.)

ಮಾನ್ಯರೇ,

ಬಂಗಾರಪೇಟೆ ತಾಲ್ಲೂಕು ಕಚೇರಿಯ ಎದುರು ಅರ್ಜಿ ಟೈಪು ಮಾಡಿಕೊಡುವ ಶಶಿರೇಖ ಅವರು ಈ ಜಾಗದಲ್ಲಿ ‘ಸವಿನಯ’ ಎಂದು ಹಾಕುವುದು ರೂಢಿ. ಅರ್ಜಿದಾರರು ಅದನ್ನು ತೆಗೆಸಿದ್ದಾರೆ. ಆದ್ದರಿಂದ, ವಿನಯವನ್ನು ಹೊರತುಪಡಿಸಿ ತಮ್ಮ ಗಮನಕ್ಕೆ ತರುವುದೇನೆಂದರೆ:

1. ಅರ್ಜಿದಾರರು ಗಣಿ ಮುಚ್ಚುವವರೆಗೆ ಹನ್ನೆರಡು ವರ್ಷ ವೈಂಡಿಂಗ್ ಎಂಜಿನ್ ಓಡಿಸಿದವರು. ತಮಗೆ ಈ ಕೆಲಸದ ಪರಿಚಯವಿರುವ ಸಂಭವ ಕಡಿಮೆಯಾದ ಕಾರಣ ವಿವರಿಸಲಾಗಿದೆ. ಎಂಜಿನ್ ಮನೆಯಲ್ಲಿ ಒಬ್ಬ ಮನುಷ್ಯ ಎರಡು ಲಿವರ್ ಹಿಡಿದು ಕುಳಿತಿರುತ್ತಾನೆ. ಅವನು ಇಳಿಸುವ ಹಗ್ಗದ ತುದಿಯಲ್ಲಿ ಕಬ್ಬಿಣದ ಕೇಜು, ಕೇಜಿನೊಳಗೆ ಭುಜಕ್ಕೆ ಭುಜ ತಾಗಿಸಿ ನಿಂತ ಜನ. ಕೇಜು ಅವನ ಕಣ್ಣಿಗೆ ಕಾಣುವುದಿಲ್ಲ. ಗಂಟೆಯ ಸದ್ದು, ಎದುರಿನ ಮುಳ್ಳು, ಅಂಗೈಗೆ ತಿಳಿಯುವ ಕಂಪನ, ಇಷ್ಟನ್ನೇ ನಂಬಿಕೊಂಡು ಸಾವಿರಾರು ಅಡಿ ಇಳಿಸಿ, ಕೆಳಗಿನ ನೆಲಕ್ಕೆ ಸಮನಾಗಿ ನಿಲ್ಲಿಸಬೇಕು. ಕೈ ಕೊಂಚ ಜಾಸ್ತಿ ಹೋದರೆ ಮೊಣಕಾಲು ಮುರಿಯುತ್ತದೆ. ಇನ್ನೂ ಜಾಸ್ತಿ ಹೋದರೆ ವರದಿ ಬರೆಯಲು ಯಾರೂ ಉಳಿಯುವುದಿಲ್ಲ. ಆ ಹನ್ನೆರಡು ವರ್ಷದಲ್ಲಿ ಅರ್ಜಿದಾರರ ಕೇಜಿನಿಂದ ಇಳಿದ ಒಬ್ಬನೂ ಎಂಜಿನ್ ಮನೆಗೆ ಬಂದು ಬೈದದ್ದಿಲ್ಲ. ಗಣಿಯಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇರಲಿಲ್ಲ.

2. ಹಾಲಿನ ಡೈರಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ಅವರ ಮಗಳು ಕಲ್ಪನ, ಎರಡು ವರ್ಷದ ಹಿಂದೆ ಒಂದು ಭಾನುವಾರ ಮನೆಯಲ್ಲಿ ಬಾಹ್ಯಾಕಾಶದ ಆಟ ಆಡುತ್ತಿದ್ದಳು. ಸರಕು ತುಂಬಿದ ನೌಕೆಯನ್ನು ನಿಲ್ದಾಣಕ್ಕೆ ಸೇರಿಸಬೇಕು. ಅವಳು ಕೀಬೋರ್ಡು ಕುಟ್ಟಿ ಕುಟ್ಟಿ ಅದನ್ನು ಗೋಡೆಗೆ ಬಡಿಸುತ್ತಿದ್ದಳು. ಅರ್ಜಿದಾರರು ಕಾಫಿ ಕುಡಿಯುತ್ತ ಹಿಂದೆ ನಿಂತಿದ್ದರು. ನೋಡಲಾಗಲಿಲ್ಲ.

“ಯಾಕಮ್ಮಾ ಅಂಗೆ ಗುದ್ದುಸ್ತೀಯ? ಒಳಗಡೆ ಜನ ಅವ್ರೋ ಇಲ್ವೋ?”

“ಯಾರೂ ಇಲ್ಲ ಕಣಪ್ಪಾ. ಗೇಮು ಇದು.”

“ಇಲ್ದಿದ್ರೇನು? ಕೈಗೆ ಕೆಟ್ಟ ಚಾಳಿ ಬೀಳ್ತದೆ. ಏಳು ಅತ್ಲಾಗೆ.”

ಹಾಗೆ ಅವಳನ್ನು ಎಬ್ಬಿಸಿ ಕುಳಿತವರು ಮತ್ತೆ ಆ ಕುರ್ಚಿ ಬಿಟ್ಟುಕೊಡಲಿಲ್ಲ. ಇಂಟರ್‌ನೆಟ್ಟಿನಲ್ಲಿ ನಲವತ್ತು ಜನ ಸೇರಿ ಆಡುವ ಒಂದು ತಂಡಕ್ಕೆ ಕಲ್ಪನ ಅವರನ್ನು ಸೇರಿಸಿದಳು. ತಂಡದ ಮುಖಂಡರು ಕೋಲಾರದ ಕಾಲೇಜೊಂದರ ಉಪನ್ಯಾಸಕ ಶ್ರೀಧರ್. ಆ ನಲವತ್ತು ಜನ ಹದಿನಾಲ್ಕು ತಿಂಗಳು ಆಡಿ ಗಳಿಸಿದ ದೊಡ್ಡ ನೌಕೆಯ ಹೆಸರು ‘ಬಾನಾಡಿ’. ಅದನ್ನು ನಿಲ್ದಾಣಕ್ಕೆ ಸೇರಿಸುವ ಹೊತ್ತು ಬಂದಾಗ ಎಲ್ಲರೂ ಕೈ ಬಿಟ್ಟು “ತಾತ ಬರಲಿ” ಎನ್ನುತ್ತಿದ್ದರು. ಅರ್ಜಿದಾರರು ಬರುತ್ತಿದ್ದರು.

3. ಮೊದಲು ಕೊಂಡದ್ದು ಅಗ್ಗದ ಜಾಯ್‌ಸ್ಟಿಕ್. ಐದು ತಿಂಗಳಾದ ಮೇಲೆ, ಕೈ ತೆಗೆದರೂ ನೌಕೆ ತನ್ನಷ್ಟಕ್ಕೆ ಎಡಕ್ಕೆ ವಾಲತೊಡಗಿತು. ಗಣಿಯಲ್ಲಿ ಫಿಟ್ಟರ್ ಆಗಿದ್ದು, ಈಗ ಆಂಡರ್ಸನ್‌ಪೇಟೆಯಲ್ಲಿ ಪಂಪು ಮೋಟಾರು ರಿಪೇರಿ ಮಾಡುವ ಗೆಳೆಯ ಆರುಮುಗಂ ಅದನ್ನು ಬಿಚ್ಚಿ ನೋಡಿ ನಕ್ಕರು.

“ಎನ್ನಣ್ಣೇ ಇದು? ಹಳೇ ರೇಡಿಯೋದಲ್ಲಿ ವಾಲ್ಯೂಮ್ ತಿರುಗ್ಸೋದು ಇರುತ್ತಲ್ಲ, ಅದೇ ಒಳಗೆ ಕೂರ್ಸಿದ್ದಾರೆ. ಉಜ್ಜಿ ಉಜ್ಜಿ ಸವೆದೋಗಿದೆ.”

ಅದು ಅಗ್ಗದ ಮಾಲು. ಸವೆಯುವುದು ಅದರ ಹಕ್ಕು. ಅದರ ಬಗ್ಗೆ ದೂರಿಲ್ಲ.

4. ಎರಡನೆಯದನ್ನು ಆರಿಸುವಾಗ ಅರ್ಜಿದಾರರು ಮೂರು ವಾರ ವಿಚಾರ ಮಾಡಿದರು. ಕಲ್ಪನ ಕೊಂಡವರ ಅಭಿಪ್ರಾಯಗಳನ್ನೆಲ್ಲ ಓದಿ ಹೇಳಿದಳು. ಡಬ್ಬಿ ಬಿಚ್ಚಿ, ವಾಸನೆ ನೋಡಿ, ದೀಪ ಹತ್ತಿತೆಂದು ಐದು ನಕ್ಷತ್ರ ಕೊಟ್ಟ ಮಹನೀಯರೇ ಎಲ್ಲ. “ವರ್ಷ ಆದ್ಮೇಲೆ ಬರೆದೋರು ಒಬ್ರಾದ್ರೂ ಅವ್ರೇನಮ್ಮಾ?” ಎಂದು ಅರ್ಜಿದಾರರು ಕೇಳಿದರು. ಒಬ್ಬರೂ ಇರಲಿಲ್ಲ. ಇದ್ದಿದ್ದರೆ ಅವರ ಕೈಯಲ್ಲಿ ಉಳಿದಿರುತ್ತಿದ್ದದ್ದು ನಕ್ಷತ್ರ ಮಾತ್ರ ಎಂಬುದು ಈಗ ತಿಳಿದಿದೆ.

ತಮ್ಮ ‘ವಜ್ರಮುಷ್ಟಿ ಪ್ರೊ’ ಡಬ್ಬಿಯ ಮೇಲೆ “ಯೋಧರಿಗಾಗಿ”, “ಲೋಹದ ದೃಢತೆ” ಎಂದೆಲ್ಲ ಇತ್ತು. ಎತ್ತಿದರೆ ಭಾರವೂ ಇತ್ತು. ಭಾರವಿದೆ, ಆದಕಾರಣ ಗಟ್ಟಿ ಇದೆ ಎಂದುಕೊಂಡದ್ದು ಅರ್ಜಿದಾರರ ತಪ್ಪು. ಇಡೀ ಪ್ರಕರಣದಲ್ಲಿ ಅವರು ಒಪ್ಪಿಕೊಳ್ಳುವ ತಪ್ಪು ಇದೊಂದೇ.

5. ನಾಲ್ಕನೇ ತಿಂಗಳು, ಭಾನುವಾರ ಮಧ್ಯಾಹ್ನ. ‘ಬಾನಾಡಿ’ಯಲ್ಲಿ ನಲವತ್ತು ಜನವೂ ಇದ್ದರು. ನಿಲ್ದಾಣ ಹತ್ತಿರ ಬಂತು. ಅರ್ಜಿದಾರರು ವೇಗದ ಲಿವರಾದ ಥ್ರಾಟಲ್ಲನ್ನು ಹಿಂದಕ್ಕೆ ತರುತ್ತಿದ್ದರು. ಎಳೆಯುತ್ತಿರಲಿಲ್ಲ, ತರುತ್ತಿದ್ದರು. ಒಳಗೆ ಟಕ್ ಎಂದಿತು. ಲಿವರ್ ಅಂಗೈಯಲ್ಲೇ ಸಡಿಲವಾಗಿ ಒಂದು ಪಕ್ಕಕ್ಕೆ ಒರಗಿತು. ನೌಕೆಗೆ ಮಾತ್ರ ವೇಗ ಕಡಿಮೆ ಮಾಡು ಎಂಬ ಆಜ್ಞೆ ತಲುಪಲಿಲ್ಲ. ಅದು ಹೋಗಿ ಗೋಡೆಗೆ ಬಡಿಯಿತು. ಹದಿನಾಲ್ಕು ತಿಂಗಳ ಕೆಲಸ ನಾಲ್ಕು ಸೆಕೆಂಡಿನಲ್ಲಿ ಬೆಂಕಿಯಾಯಿತು. ಆಮೇಲೆ ತಂಡದಲ್ಲೊಬ್ಬರು, “ತಾತನ ಕೈ ನಡುಗ್ತು ಅನ್ಸುತ್ತೆ, ಪಾಪ” ಎಂದರು.

ಕೇಳಿಸದ ಹಾಗೆ ಹೇಳಿದ್ದರು. ಅರ್ಜಿದಾರರ ಹೆಡ್‌ಫೋನ್ ತಮ್ಮ ಕಂಪನಿಯದಲ್ಲವಾದ್ದರಿಂದ ಸ್ಪಷ್ಟವಾಗಿ ಕೇಳಿಸಿತು.

6. ಸಾಧನಕ್ಕೆ ಎರಡು ವರ್ಷದ ವಾರಂಟಿ ಇದ್ದ ಕಾರಣ ಅದನ್ನು ತಮ್ಮ ಸೇವಾ ಕೇಂದ್ರಕ್ಕೆ ಕೊರಿಯರ್ ಮಾಡಲಾಯಿತು. ಹತ್ತು ದಿನಕ್ಕೆ ಉಲ್ಲೇಖ 1ರ ವರದಿ ಫೋನಿಗೆ ಬಂತು. ವಾರಂಟಿ ಇಲ್ಲ, ಕಾರಣ, ಬಳಕೆದಾರರ ಅತಿಯಾದ ಬಲಪ್ರಯೋಗ. ತಂಡದ ನಿಯಮದಂತೆ ಶ್ರೀಧರ್ ವರದಿ ಕೇಳಿದ್ದರು. ಕಲ್ಪನ ಕಳುಹಿಸಿದಳು. ಶ್ರೀಧರ್ ಮರ್ಯಾದಸ್ಥರು. “ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಿ ಸಾರ್” ಎಂದು ಬರೆದರು. ಅಷ್ಟೇ. ಮರುದಿನದಿಂದ ‘ತಾತ ಬರಲಿ’ ಎಂದು ಯಾರೂ ಕರೆಯಲಿಲ್ಲ.

ಹದಿನೈದು ದಿನ ಕಂಪ್ಯೂಟರಿನ ಮೇಲೆ ಟವೆಲ್ಲು ಹೊದಿಸಿಯೇ ಇತ್ತು. ಆ ದಿನಗಳಲ್ಲಿ ಅರ್ಜಿದಾರರು, ಯಾರೂ ನೋಡದಾಗ, ತುಂಬಿದ ಲೋಟ ಎತ್ತಿ ಹಿಡಿದು ಕೈ ನಡುಗುತ್ತದೆಯೇ ಎಂದು ನೋಡಿಕೊಳ್ಳುತ್ತಿದ್ದರು. ಇದನ್ನು ಹೇಳಿದ್ದು ಕಲ್ಪನ. ಈ ವಾಕ್ಯವನ್ನು ತೆಗೆಯುವಂತೆ ಅರ್ಜಿದಾರರು ಸೂಚಿಸಿದರು. ಶಶಿರೇಖ ತೆಗೆಯಲಿಲ್ಲ.

7. ಹದಿನಾರನೇ ದಿನ ಅರ್ಜಿದಾರರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಬಂದು, ತಮ್ಮ ಸೇವಾ ಕೇಂದ್ರದ ಕೌಂಟರಿನ ಮುಂದೆ ನಿಂತು, “ಬಲ ಎಲ್ಲಿ ಬಿತ್ತು, ತೋರ್ಸಿ” ಎಂದರು. ಕೌಂಟರಿನಲ್ಲಿದ್ದವರು ತ್ರಿವೇಣಿ. ಮಾರಿಕುಪ್ಪಂನಿಂದ ದಿನವೂ ರೈಲಿನಲ್ಲಿ ಬಂದು ಹೋಗುವ ಹೆಂಗಸು. ಆರು ವರ್ಷದಿಂದ ತಮ್ಮಲ್ಲಿ ರಿಪೇರಿ ಕೆಲಸ. ಅವರು ವಾದ ಮಾಡಲಿಲ್ಲ. ಸ್ಕ್ರೂಡ್ರೈವರ್ ತಂದು ಅರ್ಜಿದಾರರ ಎದುರೇ ಬಿಚ್ಚಿದರು.

ಭಾರವೆಲ್ಲ ತಳದಲ್ಲಿ ಸ್ಕ್ರೂ ಹಾಕಿ ಕೂರಿಸಿದ ಒಂದು ಕಬ್ಬಿಣದ ತುಂಡಿನದು. ಅದಕ್ಕೆ ಬೇರಾವ ಕೆಲಸವೂ ಇಲ್ಲ, ಭಾರವಾಗಿರುವುದೇ ಕೆಲಸ. ಲಿವರ್ ನಿಂತಿದ್ದದ್ದು ಕಿರುಬೆರಳಿನ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ಗೇರಿನ ಮೇಲೆ. ಅದರ ಮೂರು ಹಲ್ಲು ಉದುರಿದ್ದವು. ‘ಲೋಹದ ದೃಢತೆ’ ಎಂಬುದು ಲಿವರಿಗೆ ಬಳಿದ ಬಣ್ಣ.

“ಇದು ನಿಮಗೆ ಗೊತ್ತಿತ್ತೇನಮ್ಮಾ?”

“ಗೊತ್ತು ಸಾರ್. ವಾರಕ್ಕೆ ಐದಾರು ಬರ್ತವೆ. ಎಲ್ಲಾ ಅದೇ ಗೇರು.”

“ಮತ್ತೆ ನನ್ ಮೇಲ್ಯಾಕೆ ಬರೆದ್ರಿ?”

ತ್ರಿವೇಣಿ ಕಂಪ್ಯೂಟರನ್ನು ಅರ್ಜಿದಾರರ ಕಡೆ ತಿರುಗಿಸಿದರು. ‘ಹಾನಿಗೆ ಕಾರಣ’ ಎಂಬಲ್ಲಿ ಮೂರೇ ಸಾಲು: ನೀರು. ಬೀಳುವಿಕೆ. ಬಳಕೆದಾರರ ಅತಿಯಾದ ಬಲಪ್ರಯೋಗ.

“ನಾಲ್ಕನೇದು ಇಲ್ಲ ಸಾರ್. ಮೂರ್ರಲ್ಲಿ ಒಂದು ಒತ್ಲಿಲ್ಲ ಅಂದ್ರೆ ಮುಂದಕ್ಕೆ ಓಗಲ್ಲ.” ಆಮೇಲೆ ದನಿ ತಗ್ಗಿಸಿ, “ಬೀಳುವಿಕೆ ಅಂತ ಬದಲಾಯಿಸ್ಲಾ? ನಿಮ್ ಮನಸ್ಸಿಗೆ ಸಮಾಧಾನ ಆಗುತ್ತೆ” ಎಂದರು.

“ನನ್ ಕೈಯಿಂದ ಇದುವರ್ಗೂ ಏನೂ ಕೆಳಗೆ ಬಿದ್ದಿಲ್ಲಮ್ಮಾ,” ಎಂದರು ಅರ್ಜಿದಾರರು. ಗಣಿಯ ವಿಷಯ ಆಗಲೇ ಮಾತಿಗೆ ಬಂದದ್ದು.

“ನಮ್ ತಾತ ನಂದಿದುರ್ಗದಲ್ಲೇ ಇದ್ದದ್ದು ಸಾರ್. ನಿಮ್ ಕೇಜಲ್ಲೇ ಇಳ್ದಿರ್ತಾರೆ.”

“ಇಳ್ದಿದ್ರೆ ಮೇಲಕ್ಕೂ ಬಂದಿರ್ತಾರೆ ಬಿಡು.”

ತ್ರಿವೇಣಿ ವರದಿಯ ಇನ್ನೊಂದು ಪ್ರತಿ ಮುದ್ರಿಸಿ, ಷರಾದ ಕೆಳಗೆ ಪೆನ್ನಿನಿಂದ, “ಬಿಚ್ಚಿ ನೋಡಿದ್ದೇನೆ. ಪ್ಲಾಸ್ಟಿಕ್ ಗೇರಿನ ಹಲ್ಲು ತಾನಾಗಿ ಉದುರಿದೆ. ಬಳಸಿದವರ ತಪ್ಪಿಲ್ಲ” ಎಂದು ಬರೆದು, ಸಹಿ ಹಾಕಿ, ಬಿಚ್ಚಿದ ಸಾಧನದ ಜೊತೆ ಕೊಟ್ಟರು. ಅರ್ಜಿದಾರರು ಅದನ್ನು ಕೇಳಿರಲಿಲ್ಲ. ಹಾಗೆ ಬರೆಯಬಹುದೆಂಬುದೇ ಅವರಿಗೆ ತಿಳಿದಿರಲಿಲ್ಲ.

8. ಆ ಪ್ರತಿ ತಂಡಕ್ಕೆ ತಲುಪಿತು. ಮರುದಿನ ಶ್ರೀಧರ್ ಕೋಲಾರದಿಂದ ಬೈಕಿನಲ್ಲಿ ಮನೆಗೇ ಬಂದರು. ಚಪ್ಪಲಿ ಬಿಡುವ ಮೊದಲೇ “ತಪ್ಪಾಯ್ತು ಸಾರ್” ಎಂದರು. ಅರ್ಜಿದಾರರು “ಕಾಫಿ ಕುಡೀರಿ” ಎಂದರು.

9. ಅಷ್ಟರಲ್ಲಿ ಆರುಮುಗಂ ಹೊಸ ಥ್ರಾಟಲ್ ಮತ್ತು ಜಾಯ್‌ಸ್ಟಿಕ್ ಮಾಡಿ ಮುಗಿಸಿದ್ದರು. ತಮ್ಮ ಎಂಜಿನಿಯರುಗಳ ಅವಗಾಹನೆಗಾಗಿ ಅದರ ವಿವರ: ಅಚ್ಚು ಲೇತಿನಲ್ಲಿ ಕಡೆದ ಹಿತ್ತಾಳೆ. ತಿರುಗುವ ಕಡೆಯೆಲ್ಲ ಮೊಪೆಡ್ಡಿನ ಬೇರಿಂಗು. ಲಿವರ್ ನಿಂತ ಜಾಗದಲ್ಲಿ ನಿಲ್ಲಲು ಚರ್ಮದ ಪಟ್ಟಿ. ಸಡಿಲವಾದರೆ ಒಂದು ನಟ್ಟು ಬಿಗಿಮಾಡಿದರೆ ಸಾಕು, ಬೆಂಗಳೂರಿಗೆ ಬರಬೇಕಿಲ್ಲ. ಸವೆಯುವ ತಿರುಗುಣಿಯ ಬದಲು ಮ್ಯಾಗ್ನೆಟ್ಟು, ಅದರ ಎದುರು ಅಕ್ಕಿಕಾಳಿನಷ್ಟು ಸೆನ್ಸರ್. ಎರಡೂ ಒಂದಕ್ಕೊಂದು ತಾಗುವುದೇ ಇಲ್ಲ. “ತಾಗ್ದೇ ಇದ್ರೆ ಸವೆಯೋದೆಲ್ಲಿ ಬಂತು ಅಣ್ಣೇ?” ಎಂಬುದು ಆರುಮುಗಂ ಅವರ ಅಭಿಪ್ರಾಯ. ಇದು ತಮ್ಮ ಎಂಜಿನಿಯರುಗಳಿಗೆ ಹೊಳೆಯದ್ದಲ್ಲ. ಹೊಳೆದೂ ಬೇಡವೆಂದದ್ದು. ಮುರಿಯದಿದ್ದರೆ ಇನ್ನೊಂದು ಮಾರುವುದು ಹೇಗೆ ಎಂಬ ಚಿಂತೆ ತಮಗಿರಬಹುದು. ಆರುಮುಗಂ ಅವರಿಗೆ ಮಾರುವುದಿಲ್ಲವಾದ್ದರಿಂದ ಆ ಚಿಂತೆಯಿಲ್ಲ.

ನೋಡಲು ಅದು ಪಂಪ್‌ಸೆಟ್ಟಿನ ತಮ್ಮನಂತಿದೆ. ಅದರಲ್ಲಿ ಕಳೆದ ಭಾನುವಾರ ಅರ್ಜಿದಾರರು ತಂಡದ ಹೊಸ, ಚಿಕ್ಕ ನೌಕೆಯನ್ನು ನಿಲ್ದಾಣಕ್ಕೆ ಸೇರಿಸಿದರು. ಸೇರಿದ್ದು ತಿಳಿಯದೆ ಇಬ್ಬರು “ಇನ್ನೂ ಎಷ್ಟು ದೂರ?” ಎಂದು ಕೇಳಿದರು. ಆದ್ದರಿಂದ ಅರ್ಜಿದಾರರಿಗೆ ತಮ್ಮಿಂದ ಬದಲಿ ಸಾಧನ ಬೇಡ. ರಿಯಾಯಿತಿ ಕೂಪನ್ ಬೇಡ. ತಾವು ಕಳುಹಿಸಿದ, ‘ನಿಮ್ಮ ಅನುಭವ ಹೇಗಿತ್ತು’ ಎಂದು ಕೇಳುವ ಸಂದೇಶವೂ ಬೇಡ.

10. ಇಷ್ಟಕ್ಕೆ ಮುಗಿದಿದ್ದರೆ ಈ ಅರ್ಜಿಯೇ ಇರುತ್ತಿರಲಿಲ್ಲ. ಕಲ್ಪನ ಧನ್ಯವಾದ ಹೇಳಲು ತ್ರಿವೇಣಿ ಅವರಿಗೆ ಫೋನ್ ಮಾಡಿದಾಗ ಉಲ್ಲೇಖ 2ರ ನೋಟಿಸಿನ ವಿಷಯ ಹೊರಬಂತು. ಕಂಪನಿಯ ಅಧಿಕೃತ ವರದಿಯ ಮೇಲೆ ಕೈಬರಹದಲ್ಲಿ ಅನಧಿಕೃತ ಕಾರಣ ನಮೂದಿಸಿದ್ದಕ್ಕೆ ಕೆಲಸದಿಂದ ಏಕೆ ತೆಗೆಯಬಾರದು ಎಂದು ತಾವು ಅವರನ್ನು ಕೇಳಿದ್ದೀರಿ. ಆರು ವರ್ಷದಲ್ಲಿ ಅವರು ಬರೆದ ಸಾವಿರಾರು ಸುಳ್ಳಿಗೆ ತಾವು ಒಮ್ಮೆಯೂ ವಿವರಣೆ ಕೇಳಿಲ್ಲ. ಒಂದು ನಿಜಕ್ಕೆ ಕೇಳಿದ್ದೀರಿ. “ಬಿಡಿ ಅಕ್ಕ, ತಾತನಿಗೆ ಹೇಳ್ಬೇಡಿ, ನೊಂದ್ಕೋತಾರೆ” ಎಂದಿದ್ದರಂತೆ ತ್ರಿವೇಣಿ. ಕಲ್ಪನ ಹೇಳಿದಳು. ಅರ್ಜಿದಾರರು ನೊಂದುಕೊಳ್ಳಲಿಲ್ಲ. ಶರ್ಟು ಹಾಕಿಕೊಂಡು ಬಂಗಾರಪೇಟೆಗೆ ಬಂದು ಶಶಿರೇಖ ಅವರ ಮುಂದೆ ಕುಳಿತರು.

ಕಾರಣ, ಕೋರಿಕೆಗಳು:

ಅ. ತ್ರಿವೇಣಿ ಅವರಿಗೆ ಕೊಟ್ಟ ನೋಟಿಸನ್ನು ಹಿಂಪಡೆಯುವುದು.

ಆ. ಹಾನಿಯ ಕಾರಣಗಳ ಪಟ್ಟಿಗೆ ‘ಮಾಲು ಕಳಪೆ’ ಎಂಬ ನಾಲ್ಕನೇ ಸಾಲು ಸೇರಿಸುವುದು. ಎರಡೇ ಪದ. ಜಾಗ ಹೆಚ್ಚು ಹಿಡಿಯುವುದಿಲ್ಲ.

ಇ. ಮೇಲಿನ ‘ಅ’ ಆಗದಿದ್ದಲ್ಲಿ, ಇದೇ ಇಪ್ಪತ್ತನೇ ತಾರೀಖು ಬೆಳಗ್ಗೆ ಹನ್ನೊಂದಕ್ಕೆ ತಾವು ನೋಟಿಸಿನಲ್ಲಿ ಗೊತ್ತುಪಡಿಸಿದ ತ್ರಿವೇಣಿ ಅವರ ವಿಚಾರಣೆಗೆ ಅರ್ಜಿದಾರರು, ಆರುಮುಗಂ ಮತ್ತು ಶ್ರೀಧರ್ ಸಾಕ್ಷಿಗಳಾಗಿ ಹಾಜರಾಗಲಿದ್ದಾರೆ. ತಂಡದ ಉಳಿದವರೂ ಬರುತ್ತೇವೆಂದಿದ್ದಾರೆ. ಬೇಡವೆಂದು ಅರ್ಜಿದಾರರು ಹೇಳಿಲ್ಲ.

ತಮ್ಮ ಮೇಲೆ ವಿಶ್ವಾಸ ಇಡಲು ಇನ್ನೂ ಪ್ರಯತ್ನಿಸುತ್ತಿರುವ,
(ಸಹಿ) ವೆಂಕಟೇಶಪ್ಪ

ಟೈಪು ಮಾಡಿದವರು: ಶಶಿರೇಖ, ಬಂಗಾರಪೇಟೆ

ಲಗತ್ತುಗಳು:
1. ವರದಿ, ತ್ರಿವೇಣಿ ಅವರ ಕೈಬರಹ ಸಹಿತ. ಇದು ನಕಲು. ಅಸಲನ್ನು ತಮ್ಮ ಕೈಗೆ ಕೊಡುವಷ್ಟು ಪರಿಚಯ ಇನ್ನೂ ಆಗಿಲ್ಲ.
2. ಪ್ಲಾಸ್ಟಿಕ್ ಗೇರು, ಒಂದು. ಉದುರಿದ ಹಲ್ಲುಗಳು, ಮೂರು.
3. ವೈಂಡಿಂಗ್ ಎಂಜಿನ್ ಡ್ರೈವರ್ ಅರ್ಹತಾ ಪತ್ರದ ನಕಲು.

ವಿ.ಸೂ.: ವಿಚಾರಣೆಯ ದಿನ ಕೊಠಡಿಯಲ್ಲಿ ತ್ರಿವೇಣಿ ಅವರಿಗೆ ಒಂದು ಕುರ್ಚಿ ಹಾಕಿಸಬೇಕಾಗಿ ಕೋರಿದೆ. ನಾವು ನಿಂತಿರುತ್ತೇವೆ.