ಈರಜ್ಜನ ಟಗರೂ ನನ್ನ ಹೊಸ ಕ್ಯಾಮೆರಾವೂ

ಹಿರಿಯೂರಿನ ಆ ಫೋಟೊ ಅಂಗಡಿಯಲ್ಲಿ ಅಂದು ಇದ್ದವರು ಮೂವರು: ಅಂಗಡಿಯ ಬಸಣ್ಣ, ಯಲ್ಲದಕೆರೆಯ ಈರಜ್ಜ, ಮತ್ತು ಡಿಜಿಟಲ್ ಕ್ಯಾಮೆರಾ ಕೊಂಡಂದಿನಿಂದ ನೆಲ ನೋಡಿ ನಡೆಯುವುದನ್ನೇ ಮರೆತಿದ್ದ ಗಣಿತದ ಮೇಷ್ಟ್ರು ನಾನು. ಯಂತ್ರದ ಜೊತೆ ಬಂದ ಪುಸ್ತಕ ಓದುವುದು ನನ್ನಂಥ ಬುದ್ಧಿವಂತರಿಗೆ ಅವಮಾನ. ಫೋಟೊದ ಅಳತೆ ಚಿಕ್ಕದಿಟ್ಟರೆ ಒಂದೇ ಕಾರ್ಡಿನಲ್ಲಿ ನೂರಾರು ಹಿಡಿಸುತ್ತವೆ ಎಂದು ಗೊತ್ತಾದದ್ದೇ ತಡ, ಎಲ್ಲಕ್ಕಿಂತ ಚಿಕ್ಕದಕ್ಕಿಟ್ಟು ನೆಂಟರ ಮದುವೆ, ಮನೆಯ ಬೆಕ್ಕು, ಜೋಗಿಮಟ್ಟಿಯ ಮಂಜು ಎಲ್ಲವನ್ನೂ ತುಂಬಿದ್ದೆ. ಕ್ಯಾಮೆರಾದ ಬೆಂಕಿಪೊಟ್ಟಣದಷ್ಟು ಪರದೆಯಲ್ಲಿ ಎಲ್ಲವೂ ಮುತ್ತಿನಂತೆ ಕಾಣುತ್ತಿದ್ದವು.

ಈರಜ್ಜ ಕುರಿ ಸಾಕುವವರು, ಕಂಬಳಿ ನೇಯುವವರು. ಒಂದೇ ಟಗರು ಬಹಳ ವರ್ಷ ಉಳಿದರೆ ತಳಿ ಕೆಡುತ್ತದೆಂದು ಅದನ್ನು ಬೇರೆ ಹಿಂಡಿಗೆ ಕೊಡುವುದು ಅವರ ರೂಢಿ. ಬಾಟಲಿ ಹಾಲು ಕುಡಿಸಿ ಬೆಳೆಸಿದ ಟಗರು ಕರಿಯ ಹೀಗೆ ಹೊಸದುರ್ಗದ ಕಡೆಯ ಬೀಗರ ಹಿಂಡಿಗೆ ಹೊರಟಿದ್ದ. "ಮೇಷ್ಟ್ರೇ, ಅವ್ನಿಲ್ದೆ ನಂಗೆ ಹೊತ್ತು ಹೋಗಾಕಿಲ್ಲ. ಅವ್ನು ಎಷ್ಟು ದೊಡ್ಡೋನೋ ಅಷ್ಟೇ ದೊಡ್ಡ ಫೋಟ ಗ್ವಾಡೆಗೆ ಬೇಕು" ಎಂದಿದ್ದರು ಅಜ್ಜ. ನಾನು ತೆಗೆದೆ, ಕರಿಯ ಹೊರಟುಹೋದ.

ಈಗ ಬಸಣ್ಣ ಪ್ರಿಂಟ್ ಬಿಡಿಸಿದ. ಕೊಂಬೆಲ್ಲಿ, ಕಣ್ಣೆಲ್ಲಿ? ಬರೀ ಕಪ್ಪು ಚೌಕಗಳು. ಅಜ್ಜನ ಮುಖ ಸಪ್ಪಗಾಯಿತು.

"ನಿನ್ನ ಮಷೀನು ಕೆಟ್ಟಿದೆ ಬಸಣ್ಣ" ಎಂದು ರೇಗಿದೆ.

"ಮಷೀನು ನೆಟ್ಟಗೈತೆ ಸಾ. ನೀವು ಚಿಕ್ಕ ಅಳತೇಲಿ ತೆಗ್ದಿದ್ದಕ್ಕೆ ಫೋಟದಾಗೆ ಚುಕ್ಕಿನೇ ಕಮ್ಮಿ ಅವೆ. ಅಂಗೈಯಗಲಕ್ಕೆ ಸಾಕು, ಬಾಗ್ಲಗಲಕ್ಕೆ ಎಲ್ಲಿಂದ ತರಾಣ?"

"ಕಂಪ್ಯೂಟರಿನಲ್ಲಿ ಒಂದಿಷ್ಟು ಹೆಚ್ಚಿಸು" ಎಂದೆ.

ಅಜ್ಜ ಚಿತ್ರದ ಮೇಲೆ ಬೆರಳಾಡಿಸಿದರು. ಆಮೇಲೆ ಹೆಗಲ ಕಂಬಳಿಯನ್ನು ಮುಟ್ಟಿ ನೋಡಿಕೊಂಡರು. "ಏ ಮೇಷ್ಟ್ರೇ, ಕೂಸಿನ ಕಂಬ್ಳಿಗೆ ಹಾಕಿದ ಎಳೇನ ಮಂಚದಗಲ ಜಗ್ಗಿದ್ರೆ ಕಂಬ್ಳಿ ಆಗ್ತೈತಾ? ಜರಡಿ ಆಗ್ತೈತೆ! ನೇಯಾಕೆ ಕುಂತಾಗ್ಲೇ ಎಳೆ ಹಾಕ್ಬೇಕು. ಇಷ್ಟೂ ತಿಳೀದೆ ಹುಡುಗ್ರಿಗೆ ಏನು ಹೇಳ್ಕೊಡ್ತೀರಿ?"

"ಬಿಡಜ್ಜ, ನಂಗೂ ಇಷ್ಟು ಚೆನ್ನಾಗಿ ಹೇಳಾಕೆ ಬರಲ್ಲ" ಎಂದು ಬಸಣ್ಣ ನಕ್ಕ. ನಾನು ಬೆಂಚಿನ ಮೇಲೆ ಕುಳಿತು, ಮುಖ ತಗ್ಗಿಸಿ ಕನ್ನಡಕ ಒರೆಸತೊಡಗಿದೆ.

"ಕುಂತ್ರೆ ಆಗಾಕಿಲ್ಲ, ಏಳ್ರಿ. ಹೊಸದುರ್ಗಕ್ಕೆ ಹೋಗಾಣ" ಎಂದರು ಅಜ್ಜ.

ಭಾನುವಾರ ಹೋದೆವು. ಅಳತೆಯನ್ನು ಎಲ್ಲಕ್ಕಿಂತ ದೊಡ್ಡದಕ್ಕಿಟ್ಟೆ. ಕರಿಯ ಒಂದು ಕಡೆ ನಿಲ್ಲಲೊಲ್ಲ. ಕ್ಯಾಮೆರಾವನ್ನು ಅಜ್ಜನ ಕೈಗೆ ಕೊಟ್ಟು, ಹಿಡಿದು ನಿಲ್ಲಿಸಲು ನಾನೇ ಹೋದೆ. ಅಜ್ಜ ಒತ್ತಿದ್ದು ಒಂದೇ ಸಲ. ಆ ಫೋಟೊ ಈಗ ಅವರ ಪಡಸಾಲೆಯಲ್ಲಿ ಬಾಗಿಲಗಲ ನಿಂತಿದೆ. ಕರಿಯನ ಕೊಂಬಿನ ಒಂದೊಂದು ಸುರುಳಿಯೂ ಸ್ಪಷ್ಟ. ಅವನ ಮುಂದೆ ಒಂಟಿ ಚಪ್ಪಲಿಯಲ್ಲಿ ಓಡುತ್ತಿರುವ ನನ್ನ ಮೀಸೆಯ ಒಂದೊಂದು ಕೂದಲೂ ಅಷ್ಟೇ ಸ್ಪಷ್ಟ.