ಹೊಟ್ಟೆ ಹೊಳೆಯದ ಹದಿನೇಳನೇ ಮೀನಿನ ಬಗ್ಗೆ

ಸಂಖ್ಯೆ: ಮೀನು/ಹೊಟ್ಟೆ/ಒಳಭಾಗ/೧೭

ವಿಷಯ: ಪಾರದರ್ಶಕ ಮರಿಮೀನುಗಳ ಹೊಟ್ಟೆ ನೋಡುವಾಗ ಪಾಲಿಸತಕ್ಕ ಶಿಸ್ತು.

ಉಲ್ಲೇಖ: ಕಸ ಗುಡಿಸುವ ಅಕ್ಕನವರ ಮೌಖಿಕ ಹೇಳಿಕೆ, ಮಂಗಳವಾರ, ಪೊರಕೆ ಸಹಿತ.

ಪ್ರಾಣಿಗಳು ಕೊಬ್ಬನ್ನು ಅರಗಿಸಿಕೊಳ್ಳುವ ಬಗೆ ತಿಳಿಯಲು, ಅಕ್ಕಿಕಾಳಿಗಿಂತ ಸಣ್ಣ ಮರಿಮೀನುಗಳಿಗೆ ಬಣ್ಣ ಬೆರೆಸಿದ ಮೊಟ್ಟೆಯ ಹಳದಿ ತಿನ್ನಿಸಲಾಗುತ್ತಿದೆಯಷ್ಟೆ. ಕೊಬ್ಬು ಅರಗಿದರೆ ಮಾತ್ರ ಹೊಟ್ಟೆ ಹಸಿರಾಗಿ ಹೊಳೆಯುತ್ತದೆ. ಮಂಗಳವಾರ ಹದಿನೇಳನೇ ಮೀನು ಹೊಳೆಯಲಿಲ್ಲ. ತಂತ್ರಜ್ಞರು "ಊಟ ಮಾಡಿಲ್ಲ" ಎಂದು ಬರೆದು, ಅದನ್ನು ಚೆಲ್ಲಲು ಎತ್ತಿದ್ದರು. ಆಗ ಅಕ್ಕನವರು, "ತಡಿಯಪ್ಪಾ! ಗಬಗಬ ತಿಂದಿದ್ದನ್ನ ನಾನೇ ನೋಡಿದೀನಿ. ತಿಂದಿದ್ದು ಅರಗಿಲ್ಲ, ಅಷ್ಟೇ!" ಎಂದು ಕೈ ಹಿಡಿದಿರುತ್ತಾರೆ. ಮರುಪರೀಕ್ಷೆಯಲ್ಲಿ, ಕೊಬ್ಬು ಅರಗಿಸುವ ಶಕ್ತಿಯೇ ಹುಟ್ಟಿನಿಂದ ಇಲ್ಲದ ಮೀನು ಅದೆಂದೂ, ಅದರಲ್ಲಿ ಏನು ಇಲ್ಲವೆಂದು ನೋಡಿ, ಕೊಬ್ಬು ಅರಗಿಸುವುದೇನೆಂದು ತಿಳಿಯಲು ಆರು ವರ್ಷಗಳಿಂದ ಹುಡುಕುತ್ತಿದ್ದುದು ಅದನ್ನೇ ಎಂದೂ ತಿಳಿದುಬಂದಿದೆ. ಹಿರಿಯ ವಿಜ್ಞಾನಿಯವರು ಮೇಜು ಹತ್ತಿ ಕುಣಿದಿರುತ್ತಾರೆ.

ಆದ್ದರಿಂದ ಸಮಸ್ತ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ:

೧. ಹೊಳೆಯುವ ಹೊಟ್ಟೆಯನ್ನು ಕಡತದಲ್ಲಿ "ಹೊಟ್ಟೆಕಿಚ್ಚು" ಎಂದು ನಮೂದಿಸಬಾರದು. ಹಾಗೆ ನಮೂದಾಗಿದ್ದ ನಲವತ್ತೆರಡು ಮೀನುಗಳ ಕ್ಷಮೆ ಕೇಳಲಾಗಿದ್ದು, ಉತ್ತರ ನಿರೀಕ್ಷಿಸಲಾಗಿದೆ.

೨. ಸೂಕ್ಷ್ಮದರ್ಶಕದ ಮುಂದೆ ಯಾರೂ ತಮ್ಮ ಹೊಟ್ಟೆ ಒಳಗೆಳೆದು ನಿಲ್ಲಬೇಕಾಗಿಲ್ಲ. ಪಾರದರ್ಶಕತೆ ಮೀನುಗಳಿಗೆ ಮಾತ್ರ ಅನ್ವಯಿಸುತ್ತದೆ. ಇಲಾಖೆಗೆ ವಿಸ್ತರಿಸುವ ಪ್ರಸ್ತಾವನೆ ಇರುವುದಿಲ್ಲ.

೩. ಮೇಜಿನ ಮೇಲೆ ಕುಣಿಯಲು ಪೂರ್ವಾನುಮತಿ ಕಡ್ಡಾಯ. ಸಂತೋಷ ತಡೆಯಲಾಗದಿದ್ದಲ್ಲಿ ಮೊದಲು ಕುಣಿದು, ಇಳಿಯುವ ಮುನ್ನ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಇಬ್ಬರಿಗಿಂತ ಹೆಚ್ಚು ಜನರಿದ್ದಲ್ಲಿ ಮೇಜಿನ ಅಭಿಪ್ರಾಯ ಪಡೆಯುವುದು.

೪. ಅಕ್ಕನವರಿಗೆ ಸೂಕ್ಷ್ಮದರ್ಶಕದ ಬಳಿ ಬೆನ್ನಾಸರೆಯ ಕುರ್ಚಿ ಮಂಜೂರಾಗಿದೆ. "ನಾನು ಕೂತ್ರೆ ನೆಲ ಯಾರು ಒರೆಸ್ತಾರೆ?" ಎಂಬ ಅವರ ಆಕ್ಷೇಪಣೆಯನ್ನು ಕೂಲಂಕಷವಾಗಿ ಪರಿಶೀಲಿಸಿ, ತಂತ್ರಜ್ಞರು ಒರೆಸುವುದೆಂದು ತೀರ್ಮಾನಿಸಲಾಗಿದೆ.

೫. ಪ್ರಕಟವಾಗಲಿರುವ ಪ್ರಬಂಧದಲ್ಲಿ ಅಕ್ಕನವರ ಹೆಸರು ಮೊದಲು ಬರತಕ್ಕದ್ದು. ಆ ಹೆಸರು ಏನೆಂದು ಹನ್ನೊಂದು ವರ್ಷಗಳಲ್ಲಿ ಯಾರೂ ಕೇಳಿರುವುದಿಲ್ಲವಾದ್ದರಿಂದ, ನಾಳೆ ಬೆಳಿಗ್ಗೆ ಹತ್ತಕ್ಕೆ ಹಿರಿಯ ವಿಜ್ಞಾನಿಯವರು ಖುದ್ದಾಗಿ ಹೋಗಿ, ಚಪ್ಪಲಿ ಹೊರಗೆ ಬಿಟ್ಟು, ಗೌರವದಿಂದ ಕೇಳತಕ್ಕದ್ದು.

ಸಹಿ/-
ಅಧೀಕ್ಷಕರು
(ಆನಂದಬಾಷ್ಪದಿಂದ ಸಹಿ ಕದಡಿದ್ದು, ಊರ್ಜಿತವೆಂದೇ ಪರಿಗಣಿಸುವುದು)

ಪ್ರತಿಗಳು:
– ದಾಸ್ತಾನು ಗುಮಾಸ್ತರಿಗೆ, ಇಷ್ಟೊಂದು ಮೊಟ್ಟೆ ಯಾಕೆ ಎಂದು ಇನ್ನು ಮುಂದೆ ಕೇಳದಿರಲು.
– ಪಕ್ಕದ ಇಲಿ ವಿಭಾಗಕ್ಕೆ, ಮಾಹಿತಿಗಾಗಿ, ಕುಣಿಯುವುದಕ್ಕಲ್ಲ.
– ಮೀನುಗಳಿಗೆ: ತೊಟ್ಟಿಯ ಗಾಜಿಗೆ, ಅಕ್ಷರ ಒಳಮುಖವಾಗಿರುವಂತೆ ಅಂಟಿಸುವುದು.